ಕಾಡೋ, ಚರ್ಚೋ? ಐರ್ಲೆಂಡಿನ ಊರ ಹೆಸರುಗಳ ಹುಡುಕಾಟ

ಐರ್ಲೆಂಡಿನ ಭೂಪಟ ಬಿಡಿಸಿದರೆ ‘ಕಿಲ್’ ಎಂದು ಆರಂಭವಾಗುವ ಊರುಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಐರಿಷ್ ಭಾಷೆಯಲ್ಲಿ ಚರ್ಚಿಗೆ ಒಂದು ಪದ, ಕಾಡಿಗೆ ಇನ್ನೊಂದು. ಬರವಣಿಗೆಯಲ್ಲಿ ಬೇರೆಯಾದರೂ ಉಚ್ಚಾರದಲ್ಲಿ ಎರಡೂ ಹತ್ತಿರ. ಇಂಗ್ಲಿಷ್ ಗುಮಾಸ್ತರ ಲೇಖನಿಯಲ್ಲಿ ಎರಡೂ ‘ಕಿಲ್’ ಆಗಿಬಿಟ್ಟವು. ಡಬ್ಲಿನ್ ಬಳಿಯ ಕಿಲ್ನಮಾನ ಎಂದರೆ ಸಂನ್ಯಾಸಿಗಳ ಚರ್ಚು. ಟಿಪ್ಪೆರರಿ ಕೌಂಟಿಯಲ್ಲಿ ಅದೇ ಹೆಸರಿನ ಹೋಬಳಿ ಸಂನ್ಯಾಸಿಗಳ ಕಾಡು!

ಹಾಗಾದರೆ ಯಾವ ಊರು ಯಾವುದೆಂದು ತಿಳಿಯುವುದು ಹೇಗೆ? ಅದಕ್ಕೆ ಹಳೆಯ ದಾಖಲೆಗಳೇ ದಾರಿ. ಒಂದೇ ಊರಿನ ಹೆಸರು ಕಾಲಕಾಲಕ್ಕೆ ಹೇಗೆ ಬರೆಯಲ್ಪಟ್ಟಿದೆ ಎಂಬುದನ್ನು ಸಂಶೋಧಕರು ಸಾಲಾಗಿ ಜೋಡಿಸುತ್ತಾರೆ. 14ನೇ ಶತಮಾನದ ಆರಂಭದ ಚರ್ಚ್ ತೆರಿಗೆ ಪಟ್ಟಿಯಲ್ಲಿ ಊರಿದ್ದರೆ ಅಲ್ಲಿ ಚರ್ಚಿತ್ತು ಎಂಬುದಕ್ಕೆ ಅದು ಪುರಾವೆ. 1632ರಿಂದ 1636ರವರೆಗೆ ಸಂಕಲನಗೊಂಡ ‘ನಾಲ್ವರು ಪಂಡಿತರ ವಾರ್ಷಿಕ ವೃತ್ತಾಂತ’ದಲ್ಲಿ ಹೆಸರುಗಳ ಐರಿಷ್ ಕಾಗುಣಿತವೇ ಸಿಗುತ್ತದೆ. 1650ರ ದಶಕದಲ್ಲಿ ವಿಲಿಯಂ ಪೆಟ್ಟಿ ನಡೆಸಿದ ‘ಡೌನ್ ಸರ್ವೆ’ಯ ಕಥೆ ಬೇರೆ. ಕ್ಯಾಥೊಲಿಕರಿಂದ ಕಿತ್ತುಕೊಂಡ ಭೂಮಿಯನ್ನು ಕ್ರಾಮ್‌ವೆಲ್‌ನ ಸೈನಿಕರಿಗೆ ಹಂಚಲು ನಡೆದ ಅಳತೆಯದು. ಅದರಲ್ಲಿ ಹೆಸರುಗಳು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ದಾಖಲಾದವು.

1824ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ದ್ವೀಪದ ಹೊಸ ಸರ್ವೆ ಆರಂಭಿಸಿತು. 1830ರಲ್ಲಿ ಅದನ್ನು ಸೇರಿದ ವಿದ್ವಾಂಸ ಜಾನ್ ಓ’ಡೊನೊವನ್ ಹಳ್ಳಿಹಳ್ಳಿ ಸುತ್ತಿ, ಹಿರಿಯರ ಬಾಯಿಂದ ಹೆಸರು ಕೇಳಿ, ಹಸ್ತಪ್ರತಿಗಳೊಂದಿಗೆ ತಾಳೆ ನೋಡಿದರು. ಭೂಪಟದಲ್ಲಿ ಅಚ್ಚಾದದ್ದು ಇಂಗ್ಲಿಷ್ ರೂಪವಾದರೂ ಐರಿಷ್ ರೂಪ ಸರ್ವೆಯ ನಾಮಪುಸ್ತಕಗಳಲ್ಲಿ ಉಳಿಯಿತು. ಅದು ಸಕಾಲದ ಕೆಲಸ. 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಹೆಸರನ್ನು ಸರಿಯಾಗಿ ಉಚ್ಚರಿಸುತ್ತಿದ್ದ ಎಷ್ಟೋ ಬಾಯಿಗಳು ಮೌನವಾದವು.

ಬಾಯಿ ಹೋದ ಮೇಲೆ ಕಾಗದವೇ ಗತಿ. ಅದಕ್ಕೂ ಕುತ್ತು ಬಂತು. 1922ರ ಜೂನ್ 30ರಂದು ಅಂತರ್ಯುದ್ಧದ ವೇಳೆ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟ, ಬೆಂಕಿಗೆ ತುತ್ತಾಗಿ ಏಳು ಶತಮಾನಗಳ ಕಡತಗಳು ಬೂದಿಯಾದವು. ಬೇರೆಡೆ ಉಳಿದ ನಕಲುಗಳಿಂದ ಆ ಭಂಡಾರವನ್ನು ಮತ್ತೆ ಕಟ್ಟುವ ಯತ್ನದ ಫಲವಾಗಿ 2022ರಲ್ಲಿ ಗಣಕದ ದಾಖಲೆ ಭಂಡಾರವೊಂದು ಜನರಿಗೆ ತೆರೆಯಿತು.

ಇದು ಪಂಡಿತರಿಗೆ ಮಾತ್ರ ಸೇರಿದ ವಿಷಯವಲ್ಲ. ಐರ್ಲೆಂಡ್ ಗಣರಾಜ್ಯದ ರಸ್ತೆ ಫಲಕಗಳಲ್ಲಿ ಐರಿಷ್ ಹೆಸರೂ ಇರಬೇಕು. ಅದನ್ನು ಶೋಧಿಸಿ ನಿರ್ಣಯಿಸಲು 1946ರಲ್ಲಿ ಸ್ಥಳನಾಮ ಆಯೋಗ ರಚನೆಯಾಯಿತು. ಹಳೆಯ ಕಡತ ನೋಡದೆ ಇಂಗ್ಲಿಷಿನಿಂದ ಊಹಿಸಿ ಬರೆದರೆ ಇದ್ದ ಕಾಡು ಅಳಿಸಿ, ಇಲ್ಲದ ಚರ್ಚು ಫಲಕದ ಮೇಲೆ ಎದ್ದು ನಿಲ್ಲುತ್ತದೆ.