ಹಳೆಯ ಕಾರಿಗೆ ಮಾರ್ಪಡಿಸಿದ ಎಂಜಿನ್: ಇಂಧನ ವ್ಯವಸ್ಥೆಯ ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

ಹಳೆಯ ಕಾರುಗಳ ಪುನಶ್ಚೇತನವು ಇಂದು ಕೇವಲ ಹವ್ಯಾಸವಾಗಿ ಉಳಿದಿಲ್ಲ. ಗ್ಯಾರೇಜು, ಬಿಡಿಭಾಗಗಳ ಮಳಿಗೆ, ಲೇತ್ ಕೆಲಸದ ಘಟಕ, ರಬ್ಬರ್ ಉತ್ಪನ್ನಗಳ ಸಣ್ಣ ಕಾರ್ಖಾನೆ ಮೊದಲಾದ ಹಲವು ಉದ್ಯಮಗಳಿಗೆ ಅದು ಕೆಲಸ ಒದಗಿಸುತ್ತಿದೆ. 1,489 ಸಿ.ಸಿ. ಎಂಜಿನ್ನಿನ ಅಂಬಾಸಿಡರ್ ಕಾರಿಗೆ 1.8 ಲೀಟರ್ ಇಸುಜು ಎಂಜಿನ್ ಕೂರಿಸುವುದು, ಕಾರ್ಬ್ಯುರೇಟರ್ ತೆಗೆದು ಇಂಜೆಕ್ಷನ್ ಅಳವಡಿಸುವುದು ಈ ಬಗೆಯ ಕೆಲಸಗಳಿಗೆ ನಿದರ್ಶನ. ಎಂಜಿನ್ನಿಗೆ ಧಾರಾಳವಾಗಿ ವೆಚ್ಚ ಮಾಡುವ ಗ್ರಾಹಕರು ಇಂಧನದ ಕೊಳವೆ, ಪಂಪುಗಳನ್ನು ಮಾತ್ರ ಹಳೆಯದರಲ್ಲೇ ಸರಿದೂಗಿಸಲು ಬಯಸುವುದುಂಟು. ಬೆಂಕಿ ಅನಾಹುತಕ್ಕೆ ಹಾದಿಯಾಗುವುದು ಇಂತಹ ಉಳಿತಾಯವೇ. ಆದುದರಿಂದ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಎಲ್ಲ ಭಾಗಗಳನ್ನೂ ಒಂದೇ ವ್ಯವಸ್ಥೆಯೆಂದು ಪರಿಗಣಿಸಿ ಲೆಕ್ಕ ಹಾಕುವುದು ಅವಶ್ಯಕ.

ಬದಲಾಗಿರುವ ಇಂಧನ

ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಚಾಲನೆ ದೊರೆಯಿತು. 2025ರಲ್ಲಿ ಈ ಪ್ರಮಾಣದ ಗುರಿ ದೇಶಮಟ್ಟದಲ್ಲಿ ಈಡೇರಿತು. ಹಳೆಯ ಕಾರುಗಳ ತಯಾರಿಕೆಯ ಕಾಲದಲ್ಲಿ ಈ ಇಂಧನ ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಇದರಿಂದ ಎರಡು ಪರಿಣಾಮಗಳುಂಟಾಗುತ್ತವೆ. ಮೊದಲನೆಯದು ಮಿಶ್ರಣದ ಪ್ರಮಾಣಕ್ಕೆ ಸಂಬಂಧಿಸಿದ್ದು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಕೇವಲ 9 ಕಿಲೋ ಸಾಕು, ಶೇ. 20ರ ಮಿಶ್ರಣಕ್ಕೆ ಸುಮಾರು 13.5 ಕಿಲೋ ಬೇಕಾಗುತ್ತದೆ. ಅಂದರೆ ಅಷ್ಟೇ ಗಾಳಿಗೆ ಶೇ. 8ರಷ್ಟು ಹೆಚ್ಚು ಇಂಧನ ಒದಗಿಸಬೇಕು. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಇಂಧನ ಸಾಲದೆ ಎಂಜಿನ್ ಎಳೆತ ಕಳೆದುಕೊಳ್ಳುತ್ತದೆ; ಭಾರ ಎಳೆಯುವಾಗ ವಿಪರೀತ ಕಾಯುತ್ತದೆ.

ಎರಡನೆಯದು ಸಾಮಗ್ರಿಗಳಿಗೆ ಸಂಬಂಧಿಸಿದ್ದು. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಊದಿಸಿ ಮೆದುವಾಗಿಸುತ್ತದೆ. ಕಾರ್ಕ್ ಗ್ಯಾಸ್ಕೆಟ್ಟುಗಳನ್ನೂ ಟ್ಯಾಂಕಿನೊಳಗಿನ ಕೆಲವು ಲೇಪನಗಳನ್ನೂ ಕೆಡಿಸುತ್ತದೆ. ಅದು ನೀರನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಮತ್ತು ಎಥನಾಲ್ ಬೇರ್ಪಟ್ಟು ಶೇಖರವಾಗಿ ತುಕ್ಕಿಗೆ ಕಾರಣವಾಗಬಹುದು.

ಅಗತ್ಯದ ಲೆಕ್ಕಾಚಾರ

ಪಂಪನ್ನು ಆಯ್ಕೆ ಮಾಡುವ ಮುನ್ನ ಎಂಜಿನ್ನಿನ ಅಗತ್ಯವನ್ನು ತಿಳಿಯಬೇಕು. ಪೂರ್ಣ ಭಾರದಲ್ಲಿ ಪೆಟ್ರೋಲ್ ಎಂಜಿನ್ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 230 ಗ್ರಾಂ ಇಂಧನ ಬಳಸುತ್ತದೆಂದು ಎಣಿಸಬಹುದು. 100 ಅಶ್ವಶಕ್ತಿಯ ಎಂಜಿನ್ನಿಗೆ ಇದು 23 ಕಿಲೋ, ಅಂದರೆ ಸುಮಾರು 31 ಲೀಟರ್ ಆಗುತ್ತದೆ. ಎಥನಾಲ್ ಮಿಶ್ರಣದ ಹೆಚ್ಚಳವನ್ನು ಸೇರಿಸಿದರೆ ಗಂಟೆಗೆ 34 ಲೀಟರ್.

ನಾಲ್ಕು ಇಂಜೆಕ್ಟರುಗಳಿದ್ದರೆ ಪ್ರತಿಯೊಂದರ ಪಾಲು ಗಂಟೆಗೆ 8.5 ಲೀಟರ್. ಇಂಜೆಕ್ಟರನ್ನು ಅದರ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ದುಡಿಸಬಾರದೆಂಬ ನಿಯಮದಂತೆ ನಿಮಿಷಕ್ಕೆ ಸುಮಾರು 180 ಮಿ.ಲೀ. ಸಾಮರ್ಥ್ಯದ ಇಂಜೆಕ್ಟರ್ ಸೂಕ್ತ. ಪಂಪಿನ ಮೇಲೆ ನಮೂದಿಸಿದ ಅಂಕಿಯನ್ನೇ ನಂಬದೆ, ಕೆಲಸದ ಒತ್ತಡದಲ್ಲಿ ಅದು ಎಷ್ಟು ಹರಿಸುತ್ತದೆಂದು ಪರಿಶೀಲಿಸಬೇಕು. ಒತ್ತಡ ಏರಿದಂತೆ, ಬ್ಯಾಟರಿಯ ವೋಲ್ಟೇಜ್ ಇಳಿದಂತೆ ಹರಿವು ತಗ್ಗುತ್ತದೆ. ಅಗತ್ಯಕ್ಕಿಂತ ಬಹಳ ದೊಡ್ಡ ಪಂಪ್ ಕೂಡ ಒಳ್ಳೆಯದಲ್ಲ; ಇಂಧನ ಪದೇ ಪದೇ ಸುತ್ತಿ ಬಂದು ಬಿಸಿಯಾಗುತ್ತದೆ.

ಒತ್ತಡ ಮತ್ತು ಕೊಳವೆಗಳು

ಕಾರ್ಬ್ಯುರೇಟರಿಗೆ ಚದರ ಅಂಗುಲಕ್ಕೆ 2ರಿಂದ 4 ಪೌಂಡ್ ಒತ್ತಡ ಸಾಕು. ಅದಕ್ಕೂ ಹೆಚ್ಚಾದರೆ ಫ್ಲೋಟಿನ ಸೂಜಿ ಕವಾಟವು ಇಂಧನವನ್ನು ತಡೆಯಲಾರದೆ ಪೆಟ್ರೋಲ್ ಹೊರಚೆಲ್ಲುತ್ತದೆ. ಇಂಜೆಕ್ಷನ್ ವ್ಯವಸ್ಥೆಗಾದರೋ ಸಾಮಾನ್ಯವಾಗಿ 3 ಬಾರ್, ಅಂದರೆ 43 ಪೌಂಡ್ ಬೇಕು. ಈ ಹತ್ತು ಪಟ್ಟು ವ್ಯತ್ಯಾಸವನ್ನು ಹಳೆಯ ರಬ್ಬರ್ ಪೈಪ್ ಮತ್ತು ಸಾಧಾರಣ ಕ್ಲಾಂಪುಗಳು ತಾಳುವುದಿಲ್ಲ. ಇಂಜೆಕ್ಷನ್ನಿಗೆಂದೇ ಇರುವ ಎಸ್‌ಎಇ ಜೆ30 ಆರ್9 ದರ್ಜೆಯ ಪೈಪ್, ಸುತ್ತಲೂ ಸಮನಾಗಿ ಬಿಗಿಯುವ ಕ್ಲಾಂಪ್, ಒತ್ತಡ ನಿಯಂತ್ರಕ ಹಾಗೂ ಹೆಚ್ಚುವರಿ ಇಂಧನ ಟ್ಯಾಂಕಿಗೆ ಮರಳುವ ಕೊಳವೆ ಇರಬೇಕು.

ಜೋಡಿಸುವಾಗ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಕ್ಷೇಮಕರ:

1. ವಿದ್ಯುತ್ ಪಂಪ್ ಟ್ಯಾಂಕಿನ ಸಮೀಪದಲ್ಲಿ, ತಗ್ಗಿನಲ್ಲಿರಲಿ. ಅದು ಇಂಧನವನ್ನು ಚೆನ್ನಾಗಿ ತಳ್ಳಬಲ್ಲದು, ಎಳೆಯುವ ಶಕ್ತಿ ಕಡಿಮೆ.

2. ಪಂಪಿನ ಮುಂಚೆ ದೊಡ್ಡ ಕಣ್ಣಿನ ಫಿಲ್ಟರ್, ಅದರ ನಂತರ ಸೂಕ್ಷ್ಮ ಫಿಲ್ಟರ್ ಇರಲಿ.

3. ಕೊಳವೆಯನ್ನು ಸೈಲೆನ್ಸರ್ ಪೈಪಿನಿಂದ ದೂರವಾಗಿ ಒಯ್ಯಬೇಕು. ಕಾವು ತಗುಲಿದರೆ ಇಂಧನ ಆವಿಯಾಗಿ ಎಂಜಿನ್ ನಿಲ್ಲುತ್ತದೆ.

4. ಎಂಜಿನ್ ನಿಂತೊಡನೆ ಪಂಪ್ ನಿಲ್ಲುವಂತೆ ರಿಲೇ ಅಳವಡಿಸಬೇಕು. ಅಪಘಾತದಲ್ಲಿ ವಿದ್ಯುತ್ ಕಡಿತಗೊಳಿಸುವ ಸ್ವಿಚ್ ಇರುವುದು ಉತ್ತಮ.

5. ಎಂಜಿನ್ ಚಾಲೂ ಮಾಡುವ ಮೊದಲೇ ಪಂಪನ್ನು ಓಡಿಸಿ, ಪ್ರತಿಯೊಂದು ಜೋಡಣೆಯಲ್ಲೂ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಂಕಿ ನಂದಿಸುವ ಸಾಧನ ಕೈಗೆಟುಕುವಂತಿರಲಿ.

ಹೊಂದಾಣಿಕೆ

ಕಾರ್ಬ್ಯುರೇಟರನ್ನೇ ಉಳಿಸಿಕೊಳ್ಳುವವರು ಜೆಟ್ ಬದಲಿಸಿದರೆ ಸಾಕಾಗಬಹುದು. ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ನಮೂದಿಸುವ ಜೆಟ್ಟುಗಳಲ್ಲಿ 120ರ ಬದಲು 125 ಹಾಕಿದರೆ ರಂಧ್ರದ ವಿಸ್ತೀರ್ಣ ಶೇ. 8.5ರಷ್ಟು ಹೆಚ್ಚುತ್ತದೆ. ಡ್ರಿಲ್ಲಿನಿಂದ ಅಂದಾಜಿನಲ್ಲಿ ರಂಧ್ರ ಅಗಲಿಸುವುದು ಸಲ್ಲದು. ಅಂತಿಮ ಹೊಂದಾಣಿಕೆಗೆ ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಸಂವೇದಕ ಅಳವಡಿಸಿ ಲ್ಯಾಂಬ್ಡಾ ಅಳತೆ ನೋಡಬೇಕು. ಇಂಧನ ಯಾವುದೇ ಆಗಿರಲಿ, ಲ್ಯಾಂಬ್ಡಾ 1 ಎಂದರೆ ಸರಿಸಮ ಮಿಶ್ರಣ. ಸಾಧಾರಣ ಓಟದಲ್ಲಿ 1ರ ಆಸುಪಾಸು, ಪೂರ್ಣ ಭಾರದಲ್ಲಿ 0.85ರಿಂದ 0.90 ಇದ್ದರೆ ಎಂಜಿನ್ ಸುರಕ್ಷಿತ.

ಕಾನೂನು ಮತ್ತು ವ್ಯಾಪಾರ

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಮಿತಿ ವಿಧಿಸಿದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅಗತ್ಯ ಅನುಮತಿ ಪಡೆಯುವಂತೆ ಗ್ರಾಹಕರಿಗೆ ತಿಳಿಸುವುದು ಒಳಿತು. 2021ರ ನಿಯಮಗಳ ಪ್ರಕಾರ ‘ವಿಂಟೇಜ್’ ನೋಂದಣಿಗೆ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲೇ ಉಳಿದ ವಾಹನಗಳು ಮಾತ್ರ ಅರ್ಹ. ಎಂಜಿನ್ನಿನ ಗಣನೀಯ ಮಾರ್ಪಾಡು ಈ ಅರ್ಹತೆಗೆ ಅಡ್ಡಿಯಾಗುತ್ತದೆಂದು ಮಾಲೀಕರಿಗೆ ಮುಂಚಿತವಾಗಿ ಹೇಳಬೇಕು.

ಎಥನಾಲ್ ತಾಳಬಲ್ಲ ಪೈಪ್, ಡಯಾಫ್ರಾಂ, ಸೀಲ್, ಗ್ಯಾಸ್ಕೆಟ್, ನಿಖರ ಅಳತೆಯ ಜೆಟ್ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕುಗಳ ತಯಾರಿಕೆ ನಮ್ಮ ಸಣ್ಣ ಘಟಕಗಳ ಶಕ್ತಿಗೆ ಮೀರಿದ್ದಲ್ಲ. ಆದರೆ ಗುಣಮಟ್ಟ ಬಾಯಿಮಾತಿನಲ್ಲಿ ಉಳಿಯಬಾರದು. ರಬ್ಬರಿನ ಬಗೆ, ತಾಳುವ ಒತ್ತಡ, ಎಥನಾಲ್ ಪ್ರಮಾಣ ಮತ್ತು ತಯಾರಿಕೆಯ ತಿಂಗಳನ್ನು ಪೊಟ್ಟಣದ ಮೇಲೂ ಬಿಲ್ಲಿನಲ್ಲೂ ನಮೂದಿಸುವ ಪರಿಪಾಠವನ್ನು ತಯಾರಕರು ಬೆಳೆಸಿಕೊಳ್ಳಲಿ. ಅಂತಹ ವಿವರವಿಲ್ಲದ ಮಾಲನ್ನು ವರ್ತಕರು ನಿರಾಕರಿಸಲಿ. ಒಂದು ಮೀಟರ್ ಪೈಪಿನಲ್ಲಿ ಉಳಿಸಿದ ಹಣಕ್ಕಾಗಿ ಗ್ರಾಹಕನ ಕಾರನ್ನೂ ಪ್ರಾಣವನ್ನೂ ಪಣಕ್ಕೊಡ್ಡುವುದು ಯಾವ ವ್ಯಾಪಾರಕ್ಕೂ ಶೋಭೆಯಲ್ಲ.