ಶುಭ 'ಅವಸರ'ದ ಹಿಂದಿ

ನಮ್ಮ ತಲೆಮಾರಿನ ಕನ್ನಡಿಗರಿಗೆ ಹಿಂದಿ ಎಂದರೆ ಪರೀಕ್ಷೆಯ ಭಾಷೆ. ಗಾಂಧೀಜಿಯವರ ಪ್ರೇರಣೆಯಿಂದ 1918ರಲ್ಲಿ ಮದರಾಸಿನಲ್ಲಿ ಆರಂಭಗೊಂಡ ಹಿಂದಿ ಪ್ರಚಾರ ಕಾರ್ಯ ದಕ್ಷಿಣದ ಸಣ್ಣ ಊರುಗಳಿಗೂ ಸಂಜೆಯ ತರಗತಿಗಳನ್ನು ತಲುಪಿಸಿತು. ಪ್ರಥಮಾ, ಮಧ್ಯಮಾ, ರಾಷ್ಟ್ರಭಾಷಾ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಪ್ರೇಮಚಂದರ ಕತೆಗಳನ್ನೂ ಕಬೀರ, ರಹೀಮರ ದೋಹೆಗಳನ್ನೂ ಬಾಯಿಪಾಠ ಮಾಡಿ ಪ್ರಮಾಣಪತ್ರ ಪಡೆದವರು ನಮ್ಮಲ್ಲಿ ಸಾವಿರಾರು ಮಂದಿ. ನನ್ನ ಅಕ್ಕನೂ ಅವರಲ್ಲೊಬ್ಬಳು. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರ ಅವಳಿಗೆ ಇಂದಿಗೂ ಕಂಠಸ್ಥ. ಆದರೆ ಅವಳ ಮಗಳು, ತನ್ನ ಕಚೇರಿಯ ಸಹೋದ್ಯೋಗಿಯಾದ ಲಖನೌದ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದ ದಿನ, ಆ ಪ್ರಮಾಣಪತ್ರದಿಂದ ಒಂದು ವಾಕ್ಯದ ಉಪಯೋಗವೂ ಆಗಲಿಲ್ಲ. ಬೀಗಿತ್ತಿಯ ಎದುರು ಕುಳಿತು ಏನು ಮಾತಾಡಬೇಕು, ಹೇಗೆ ನಗಬೇಕು, 'ಇನ್ನೊಂದು ಬಡಿಸಿಕೊಳ್ಳಿ' ಎನ್ನುವುದು ಹೇಗೆ?

ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ನಾನು ಕೆಲವು ವರ್ಷ ಲಖನೌದಲ್ಲಿದ್ದೆ. ಹೀಗಾಗಿ ಅಕ್ಕನಿಗೂ ಭಾವನವರಿಗೂ ಮದುವೆಮನೆಯ ಹಿಂದಿಯನ್ನು ಹೇಳಿಕೊಡುವ ಹೊಣೆ ನನ್ನದಾಯಿತು. ಪಾಠ ಆರಂಭವಾದದ್ದು ಗಂಡಿನ ಕಡೆಯವರ ಲಗ್ನಪತ್ರಿಕೆಯಿಂದಲೇ. ಅದರಲ್ಲಿ 'ಇಸ್ ಶುಭ್ ಅವಸರ್ ಪರ್' ಎಂದಿತ್ತು. ಭಾವನವರು ಕನ್ನಡಕ ಸರಿಪಡಿಸಿಕೊಂಡು, 'ಇನ್ನೂ ಮೂರು ತಿಂಗಳಿದೆ, ಇವರಿಗೇನು ಅವಸರ?' ಎಂದು ಕೇಳಿದರು. ಸಂಸ್ಕೃತದ 'ಅವಸರ' ಹಿಂದಿಯಲ್ಲಿ ಸಂದರ್ಭವಾಗಿಯೇ ಉಳಿಯಿತು, ನಮ್ಮಲ್ಲಿ ಆತುರವಾಯಿತು. ಇಂತಹ ಮೋಸಗಾರ ಪದಗಳು ಒಂದೆರಡಲ್ಲ. ಅವರ 'ಉಪನ್ಯಾಸ' ಕಾದಂಬರಿ, ನಮ್ಮದು ಭಾಷಣ. ಅವರ 'ಶಿಕ್ಷಾ' ವಿದ್ಯಾಭ್ಯಾಸ, ನಮ್ಮ ಶಿಕ್ಷೆ ಬೆತ್ತದ್ದು. ಅವರ 'ಸಂಸಾರ್' ಇಡೀ ಜಗತ್ತು. ನಮ್ಮದು ಹೆಂಡತಿ ಮಕ್ಕಳಲ್ಲಿಗೆ ಮುಗಿಯುತ್ತದೆ. ಸಂಸ್ಕೃತ ಬಲ್ಲವರಿಗೆ ಹಿಂದಿ ಸುಲಭ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮದುವೆಮನೆಯಲ್ಲಿ ನಮಗೆ ನಿಜವಾಗಿ ನೆರವಾಗುವುದು ಇನ್ನೊಂದು ನೆಂಟಸ್ತಿಕೆ. ಖುಷಿ, ಮಜಾ, ತಯಾರಿ, ಶರಬತ್ತು, ಶಾಮಿಯಾನ, ಬಂದೋಬಸ್ತು, ಸಾಮಾನು: ಇವೆಲ್ಲ ಪಾರಸಿ ಮೂಲದಿಂದ ಹೊರಟು ಎಂದೋ ನಮ್ಮ ಅಡುಗೆಮನೆ, ಅಂಗಳಗಳಿಗೆ ಬಂದು ನೆಲೆಸಿದ ಮಾತುಗಳು. ಶುದ್ಧ ಹಿಂದಿಯ 'ಪ್ರಸನ್ನತಾ'ವನ್ನು ಪರೀಕ್ಷೆಗೆ ಬಿಟ್ಟು 'ಬಹುತ್ ಖುಷೀ ಹುಯೀ' ಎಂದರೆ ಮಾತು ಸಲೀಸು. ಇನ್ನು, ನಮ್ಮ ಬೆಂಗಳೂರಿನ ಶಿವಾಜಿನಗರದಲ್ಲಿ ಕೇಳಿಬರುವ 'ಹೌ', 'ನಕ್ಕೊ', 'ಕಾಯ್ಕು'ಗಳ ದಖ್ಖನಿಯನ್ನು ಕೆಟ್ಟ ಹಿಂದಿ ಎಂದು ಹಳಿಯುವವರಿದ್ದಾರೆ. ಎರಡನೆಯ ಇಬ್ರಾಹಿಂ ಆದಿಲ್‌ ಶಾಹ ವಿಜಾಪುರದಲ್ಲಿ ಕುಳಿತು 'ಕಿತಾಬ್‌-ಎ-ನೌರಸ್‌' ರಚಿಸಿದ್ದು ಇದೇ ದಖ್ಖನಿಯಲ್ಲಿ. ಅದರ ವಂಶಾವಳಿ ಇಂದಿನ ಪಠ್ಯಪುಸ್ತಕದ ಹಿಂದಿಗಿಂತ ಹಳೆಯದು. ಲಖನೌದವರು ಅದನ್ನು ಕೇಳಿ ಮುಗುಳ್ನಕ್ಕಾರು, ನಗಲಿ.

ಭಾಷೆ ಕಲಿಸುವಾಗ ಏನನ್ನು ಬಿಡಬೇಕೆಂಬುದೂ ಮುಖ್ಯ. ನಾನು ಅಕ್ಕನಿಗೆ ಮೊದಲೇ ಹೇಳಿದ್ದು, ಭೂತಕಾಲದ ತಂಟೆಗೆ ಹೋಗಬೇಡವೆಂದು. ಕನ್ನಡದಲ್ಲಿ 'ನಾನು ತಿಂದೆ' ಎಂದರೆ ಮುಗಿಯಿತು. ತಿಂದದ್ದು ಏನೇ ಇರಲಿ, ಕ್ರಿಯಾಪದ ತಿಂದವರನ್ನು ಅನುಸರಿಸುತ್ತದೆ. ಹಿಂದಿಯಲ್ಲಿ 'ನೇ' ಪ್ರತ್ಯಯ ಬಂದೊಡನೆ ಕ್ರಿಯಾಪದ ತಿಂದವರನ್ನು ಬಿಟ್ಟು ತಿಂಡಿಯ ಬೆನ್ನು ಹಿಡಿಯುತ್ತದೆ. 'ಮೈನೇ ಲಡ್ಡೂ ಖಾಯಾ', ಆದರೆ 'ಮೈನೇ ಜಲೇಬೀ ಖಾಯೀ'. ಲಡ್ಡು ಗಂಡು, ಜಿಲೇಬಿ ಹೆಣ್ಣು. ದಾಲ್ ಹೆಣ್ಣು, ಚಾವಲ್ ಗಂಡು. ನಿರ್ಜೀವ ವಸ್ತುಗಳನ್ನೆಲ್ಲ ನಪುಂಸಕಲಿಂಗಕ್ಕೆ ಸೇರಿಸಿ ನೆಮ್ಮದಿಯಾಗಿರುವ ನಾವು ಮದುವೆಯ ಊಟದೆಲೆಯ ಮೇಲಿನ ಗಂಡು ಹೆಣ್ಣುಗಳನ್ನು ಎಣಿಸುತ್ತ ಕೂರಲಾದೀತೇ? 'ಖಾನಾ ಬಹುತ್ ಅಚ್ಛಾ ಹೈ' ಎಂದು ವರ್ತಮಾನದಲ್ಲೇ ನಿಂತರೆ ಮರ್ಯಾದೆ ಉಳಿಯುತ್ತದೆ.

ಉಳಿದದ್ದು ವ್ಯಾಕರಣವಲ್ಲ, ನಡಾವಳಿ. ಎಲ್ಲರಿಗೂ 'ಆಪ್', ಮಕ್ಕಳಿಗೂ 'ಆಪ್' ಎಂದರೆ ಲಖನೌದಲ್ಲಿ ಯಾರೂ ತಪ್ಪೆಣಿಸುವುದಿಲ್ಲ. ಒಬ್ಬರೇ ಇದ್ದರೂ ಅಲ್ಲಿಯವರು 'ಹಮ್' ಎಂದೇ ಹೇಳಿಕೊಳ್ಳುತ್ತಾರೆ; 'ಹಮ್ ಆ ರಹೇ ಹೈಂ' ಎಂದು ಫೋನು ಬಂದರೆ ಹತ್ತು ಜನರಿಗೆ ಅಕ್ಕಿ ಹಾಕಬೇಕಾಗಿಲ್ಲ. ಹೊಸಬರು ಎದುರಾದೊಡನೆ 'ಆಪ್ ಕಿಸ್ಕೀ ತರಫ್ ಸೇ ಹೈಂ?' ಎಂಬ ಪ್ರಶ್ನೆ ಬರುತ್ತದೆ. ಇದು ನಮ್ಮ 'ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ' ಎಂಬುದೇ. ಸಿಹಿಯ ತಟ್ಟೆ ಮುಂದೆ ಹಿಡಿದು 'ಮುಂಹ್ ಮೀಠಾ ಕೀಜಿಯೇ' ಎಂದಾಗ ಬೇಡವೆನ್ನುವಂತಿಲ್ಲ, ಚೂರಾದರೂ ಮುರಿದುಕೊಳ್ಳಬೇಕು. ಬಡಿಸುವಾಗ 'ಲೀಜಿಯೇ ನಾ, ಥೋಡಾ ಸಾ ಔರ್'. ಅವರು 'ಬಸ್, ಬಸ್' ಎಂದು ಕೈ ಅಡ್ಡ ಹಿಡಿಯುತ್ತಾರೆ. ಮೊದಲ ಎರಡು 'ಬಸ್' ಸಂಕೋಚದ್ದು, ಮೂರನೆಯದು ಹೊಟ್ಟೆಯದು. ಹೋಳಿಗೆ ಬಡಿಸಿ ಪಳಗಿದ ನಮ್ಮ ಹೆಂಗಸರಿಗೆ ಈ ಲೆಕ್ಕವನ್ನು ಕಲಿಸಬೇಕಾಗಿಲ್ಲ. ಆಶೀರ್ವಾದಕ್ಕೆ 'ಖುಷ್ ರಹೋ', ಜೋಡಿಯನ್ನು ನೋಡಿ 'ನಜರ್ ನ ಲಗೇ'. ದೃಷ್ಟಿ ತೆಗೆಯುವ ನಾಡಿನವರಿಗೆ ಇದೂ ಹೊಸತಲ್ಲ. ಇಷ್ಟು ಕೈವಶವಾದ ಮೇಲೆ 'ಧನ್ಯವಾದ್' ಎಂಬ ಪದವನ್ನು ಸಭೆ ಸಮಾರಂಭಗಳಿಗೆ ಬಿಟ್ಟುಬಿಡಬಹುದು. ಮನೆಯ ಊಟಕ್ಕೆ ಧನ್ಯವಾದ ಹೇಳುವವರು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಬಾಂಧವ್ಯದ ಪದಗಳಲ್ಲಿ ಮಾತ್ರ ಎರಡು ನಾಡುಗಳು ದೂರ ಸರಿಯುತ್ತವೆ. ನಮಗೆ ತಾಯಿಯ ತಮ್ಮನೂ ಮಾವ, ಸೋದರತ್ತೆಯ ಗಂಡನೂ ಮಾವ, ಗಂಡನ ತಂದೆಯೂ ಮಾವ. ಅವರಿಗೆ ಅನುಕ್ರಮವಾಗಿ ಮಾಮಾ, ಫೂಫಾ, ಸಸುರ್. ಇದು ಪದಗಳ ಬಡತನ ಸಿರಿವಂತಿಕೆಯ ಮಾತಲ್ಲ. ಸೋದರ ಸಂಬಂಧದಲ್ಲಿ ಮದುವೆಯಾಗುವ ದಕ್ಷಿಣದಲ್ಲಿ ಅತ್ತೆಯ ಮನೆ, ಮಾವನ ಮನೆ ಎಂಬುವು ಹುಟ್ಟಿನಿಂದಲೇ ಪರಿಚಿತ. ಉತ್ತರದಲ್ಲಿ ಹೆಣ್ಣು ಹೋಗುವುದು ಅಪರಿಚಿತರ ಮನೆಗೆ. ಈ ವ್ಯತ್ಯಾಸವನ್ನು ಇರಾವತಿ ಕರ್ವೆ 1953ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಹೆಸರಿಸುವಾಗ ರೂಢಿಯಿದ್ದಲ್ಲಿ ವಿನಾಯಿತಿ ಎಂದಿತು.

ಪುಸ್ತಕದ ಈ ಮಾತು ಮೆಹಂದಿಯ ದಿನ ಎದುರಿಗೇ ಬಂದು ನಿಂತಿತು. ನಮ್ಮ ದೊಡ್ಡಮ್ಮ ಮದುವೆಯಾಗಿದ್ದು ತಮ್ಮ ಸ್ವಂತ ಸೋದರಮಾವನನ್ನು. ಗಂಡಿನ ಅಜ್ಜಿ ಪಕ್ಕದಲ್ಲಿ ಕುಳಿತು ಯಾರಿಗೆ ಯಾರು ಏನಾಗಬೇಕೆಂದು ವಿಚಾರಿಸುತ್ತಿದ್ದರು. ದೊಡ್ಡಮ್ಮ ಯಾವ ಅಳುಕೂ ಇಲ್ಲದೆ ಹೇಳಿದರು, ನಾನು ಅನುವಾದಿಸಿದೆ. ಒಂದು ಕ್ಷಣ ಕೋಣೆಯೇ ಮೌನವಾಯಿತು. ಉತ್ತರದವರಿಗೆ ಮಾಮಾ ಎಂದರೆ ತಂದೆಯ ಸಮಾನ. 'ಹಮಾರೇ ಯಹಾಂ ರಿವಾಜ್ ಹೈ' ಎಂದೆ. 'ನಮ್ಮಲ್ಲಿ ರೂಢಿ' ಎಂಬ ಈ ಒಂದು ವಾಕ್ಯವನ್ನು ಉತ್ತರಕ್ಕೆ ಹೆಣ್ಣು ಕೊಡುವ ಪ್ರತಿ ಕನ್ನಡ ಕುಟುಂಬವೂ ಕಲಿತಿರುವುದು ಒಳ್ಳೆಯದು. ಅಜ್ಜಿ ಸ್ವಲ್ಪ ಹೊತ್ತು ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ, 'ಹಾಗಾದರೆ ನಿಮ್ಮ ಅತ್ತೆ ನಿಮ್ಮ ಸ್ವಂತ ಅಜ್ಜಿಯೇ ಆದರಲ್ಲವೇ?' ಎಂದು ಕೇಳಿದರು. ಹೌದೆಂದಾಗ ದೊಡ್ಡಮ್ಮನ ಕೈ ಹಿಡಿದು, 'ನಾನು ಹದಿನಾರನೆಯ ವಯಸ್ಸಿನಲ್ಲಿ ಬಂದಾಗ ಈ ಮನೆಯಲ್ಲಿ ಒಂದು ಮುಖವೂ ಗೊತ್ತಿರಲಿಲ್ಲ' ಎಂದರು. ಸೋದರಮಾವನನ್ನು ಮದುವೆಯಾಗುವುದು ಸರಿಯೇ ಎಂಬ ವೈದ್ಯರ ಪ್ರಶ್ನೆ ಬೇರೆಯೇ ಇದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆ ಮಧ್ಯಾಹ್ನ ಮಾತಾಡುತ್ತಿದ್ದುದು ಮಾತ್ರ ಇಬ್ಬರು ಮುದುಕಿಯರ ಹಳೆಯ ಭಯ.

ರಾತ್ರಿ ಢೋಲಕದ ಹಾಡು. ಒಬ್ಬಾಕೆ ಢೋಲಕ ಬಾರಿಸಿದರೆ ಇನ್ನೊಬ್ಬಾಕೆ ಅದರ ಮರದ ಮೈಮೇಲೆ ಚಮಚದಿಂದ ತಾಳ ಕುಟ್ಟುತ್ತಾಳೆ. ಹೆಂಗಸರು ಬೀಗರ ಹೆಸರು ಹಿಡಿದು ಬಯ್ಯುವ ಹಾಡುಗಳಿವು. 'ಗಾರೀ' ಎಂದೇ ಹೆಸರು. ಜನಕನ ಮನೆಯಲ್ಲಿ ದಶರಥನ ದಿಬ್ಬಣ ಊಟಕ್ಕೆ ಕುಳಿತಾಗಲೂ ಹೆಂಗಸರು ಗಾರೀ ಹಾಡಿದರೆಂದು ತುಳಸೀದಾಸರ 'ರಾಮಚರಿತಮಾನಸ'ದಲ್ಲಿದೆ. ಅಕ್ಕ ಮೊದಲು ಗಾಬರಿಯಾದಳು. ನಮ್ಮ ಬೀಗರ ಹಾಡುಗಳನ್ನು ನೆನಪಿಸಿದೊಡನೆ ಮುಖ ಅರಳಿತು, ಬೀಗರ ಹೊಟ್ಟೆಬಾಕತನವನ್ನು ಹಾಸ್ಯ ಮಾಡುವ ಒಂದನ್ನು ತಾನೂ ಹಾಡಿದಳು. ಕನ್ನಡದ ಒಂದಕ್ಷರ ಬಾರದ ಸಭೆಗೆ ಅದು ಬೈಗುಳವೆಂದು ಕೂಡಲೇ ಅರ್ಥವಾಯಿತು. 1994ರಲ್ಲಿ ಬಂದ 'ಹಮ್ ಆಪ್ಕೇ ಹೈಂ ಕೌನ್‌' ಚಿತ್ರವು ವರನ ಚಪ್ಪಲಿ ಕದಿಯುವ ಆಟವನ್ನು ಪರದೆಯ ಮೇಲೆ ಮೆರೆಸಿದ ಮೇಲೆ, ಸಂಗೀತ್‌, ಮೆಹಂದಿಗಳೆಲ್ಲ ನಮ್ಮ ಛತ್ರಗಳಿಗೂ ಬಂದಿವೆ. ಅದಕ್ಕೆ ನನ್ನ ತಕರಾರಿಲ್ಲ. ಅವುಗಳಿಗೆ ಜಾಗ ಬಿಡಲು ನಮ್ಮ ಬೀಗರ ಹಾಡು ಛತ್ರದಿಂದ ಹೊರಗೆ ಹೋಗಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ. ಅವರ ಮೊಮ್ಮಕ್ಕಳ ಸ್ಥಿತಿಯೂ ಇದೇ. ಆ ಗಾರೀ ಹಾಡುಗಳು ಅವಧಿಯಲ್ಲಿದ್ದವು. ನಗುವಿಗೆ ಕಾರಣವೇನೆಂದು ಹುಡುಗರು ಅಜ್ಜಿಯನ್ನು ಕೇಳುತ್ತಿದ್ದರು. 2011ರ ಜನಗಣತಿ ಹಿಂದಿ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿದ ಐವತ್ತಕ್ಕೂ ಹೆಚ್ಚು ತಾಯಿನುಡಿಗಳಲ್ಲಿ ಅವಧಿಯೂ ಒಂದು.

ಆಡಲು ಕಲಿಯುವ ಮಾತುಗಳಿಗಿಂತ ಕೇಳಿ ತಿಳಿಯಬೇಕಾದ ಮಾತುಗಳು ಹೆಚ್ಚು ಮುಖ್ಯ. 'ಹಮೇಂ ಕುಛ್ ನಹೀಂ ಚಾಹಿಯೇ, ಜೋ ದೇನಾ ಹೈ ಅಪ್ನೀ ಬೇಟೀ ಕೋ ದೀಜಿಯೇ.' ನಮಗೇನೂ ಬೇಡ, ಕೊಡುವುದನ್ನು ನಿಮ್ಮ ಮಗಳಿಗೇ ಕೊಡಿ. ನಿಶ್ಚಯದ ದಿನ ಗಂಡಿನ ಫೂಫಾ ಈ ಮಾತನ್ನಾಡಿದಾಗ ಅಕ್ಕ ಅದನ್ನು ಔದಾರ್ಯವೆಂದೇ ತಿಳಿದು ಕೈಮುಗಿದಳು. ವಾಕ್ಯದ ಮೊದಲರ್ಧಕ್ಕೆ ಅಲ್ಲಿ ಬೆಲೆಯಿಲ್ಲ. ಎರಡನೆಯ ಅರ್ಧದಲ್ಲಿ ಕಾರು, ಫ್ರಿಜ್ಜು, ಒಡವೆಗಳು ಸಾಲುಗಟ್ಟಿ ನಿಂತಿರುತ್ತವೆ. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲೇ ಬಂದರೂ ಅದು ಬಾಯಿಂದ ಹೊರಡುವ ಸಭ್ಯ ವಾಕ್ಯಗಳನ್ನು ಮುಟ್ಟಲಾರದು. ನಮ್ಮಲ್ಲೇನು ಕಡಿಮೆ? 'ನಿಮ್ಮ ಮಗಳಿಗೆ ನೀವು ಏನು ಹಾಕಿದರೂ ನಾವು ಬೇಡವೆನ್ನುವುದಿಲ್ಲ' ಎಂಬ ಕನ್ನಡವನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ನಾನು ಅಕ್ಕನ ಕಿವಿಯಲ್ಲಿ ಅರ್ಥ ಹೇಳುವಷ್ಟರಲ್ಲಿ ಮದುಮಗಳೇ ನಗುತ್ತ, 'ಬೇಟೀ ತೋ ಖುದ್ ಕಮಾತೀ ಹೈ, ಫೂಫಾಜೀ' ಎಂದಳು. ಮಗಳು ತಾನೇ ದುಡಿಯುತ್ತಾಳೆ. ಹುಡುಗ ಮೊದಲು ನಕ್ಕ, ಅವನ ತಾಯಿಯೂ ನಕ್ಕರು. ಫೂಫಾ ಅಂದು ಸಂಜೆಯ ಚಹಾ ಕುಡಿಯಲಿಲ್ಲ. ಉತ್ತರದ ಮದುವೆಗಳಲ್ಲಿ ಫೂಫಾ ಮುನಿಸಿಕೊಳ್ಳುವುದು ಹೇಗೂ ಒಂದು ಶಾಸ್ತ್ರವೇ ಆದ್ದರಿಂದ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ನಾನು ಕಲಿಸಲು ಒಪ್ಪದ ಮಾತೂ ಒಂದಿತ್ತು: 'ಹಮ್ ತೋ ಲಡ್ಕೀವಾಲೇ ಹೈಂ'. ನಾವು ಹೆಣ್ಣು ಹೆತ್ತವರು, ಆದ್ದರಿಂದ ತಗ್ಗಿ ನಡೆಯಬೇಕಾದವರು ಎಂಬುದು ಅದರ ಧ್ವನಿ. ಭಾವನವರು ಅದನ್ನು ಯಾವುದೋ ಧಾರಾವಾಹಿಯಲ್ಲಿ ಕೇಳಿ ಬರೆದುಕೊಂಡಿದ್ದರು. ಅದರ ಬದಲು, ಹೆಣ್ಣೊಪ್ಪಿಸುವ ಹೊತ್ತಿನಲ್ಲಿ 'ಕೋಯೀ ಕಮೀ ರಹ ಗಯೀ ಹೋ ತೋ ಮಾಫ್ ಕೀಜಿಯೇಗಾ' ಎಂದರೆ ಸಾಕೆಂದೆ. ಏನಾದರೂ ಕೊರತೆಯಾಗಿದ್ದರೆ ಕ್ಷಮಿಸಿ ಎಂಬುದು ಆತಿಥೇಯರ ಮಾತು, ಅಧೀನರದ್ದಲ್ಲ. ಅವರು ಅಷ್ಟನ್ನು ಹೇಳುವಾಗ ಗಂಟಲು ಕಟ್ಟಿತು. ಬೀಗರಿಗೂ ಉತ್ತರ ಹೊಳೆಯಲಿಲ್ಲ, ಭಾವನವರ ಮುಗಿದ ಕೈಗಳನ್ನು ಹಿಡಿದುಕೊಂಡು ಸುಮ್ಮನೆ ನಿಂತರು.

ಇಷ್ಟೆಲ್ಲ ಓದಿದವರು, ಹಿಂದಿಗೆ ನಾವೇ ಹೀಗೆ ಬಾಗಿಲು ತೆರೆಯಬೇಕೇ ಎಂದು ಕೇಳಬಹುದು. ಕೇಳಬೇಕಾದದ್ದೇ. 2017ರಲ್ಲಿ ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ದನಿಯೆತ್ತಿದವರ ಜತೆ ನಾನೂ ಇದ್ದೇನೆ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡದ ರೈತನೊಬ್ಬ ಹಿಂದಿಯ ಅರ್ಜಿ ಹಿಡಿದು ನಿಲ್ಲಬೇಕಾಗುವುದು ಅನ್ಯಾಯವೆಂದು ನೌಕರಿಯಲ್ಲಿದ್ದಾಗಲೂ ಹೇಳಿದ್ದೇನೆ. ಆದರೆ ಕೌಂಟರು ಬೇರೆ, ಊಟದ ಪಂಕ್ತಿ ಬೇರೆ. ಪಂಕ್ತಿಯಲ್ಲೂ ನನ್ನದೊಂದು ಷರತ್ತಿತ್ತು: ನಾವು ಇಪ್ಪತ್ತು ವಾಕ್ಯ ಕಲಿತರೆ ಅವರೂ ಇಪ್ಪತ್ತು ಕಲಿಯಬೇಕು. ಹುಡುಗ ಒಪ್ಪಿದ. ಅವನು ಬೆಂಗಳೂರಿನಲ್ಲಿ ಐದು ವರ್ಷ ಕಳೆದೂ 'ಗೊತ್ತಿಲ್ಲ' ಎಂಬುದೊಂದನ್ನೇ ಕಲಿತಿದ್ದವನು, ಮದುವೆಯ ಹೊತ್ತಿಗೆ 'ಅತ್ತೆ, ಊಟ ಆಯ್ತಾ?' ಎನ್ನುವವನಾದ. ಅವನ ತಾಯಿಯೂ ಒಂದು ಪುಟ್ಟ ಪುಸ್ತಕದಲ್ಲಿ ದೇವನಾಗರಿಯಲ್ಲಿ ಕನ್ನಡ ಬರೆದುಕೊಂಡಿದ್ದರು. 'ಳ'ಕಾರ ಅವರಿಗೆ ಹೊರಳದು. ಹೋಳಿಗೆ ಇನ್ನೂ 'ಹೋಲಿಗೆ'ಯೇ.

ಈಗ ಬೀಗಿತ್ತಿಯರಿಬ್ಬರೂ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮಾತಾಡುತ್ತಾರೆ. ಅಕ್ಕ ನನ್ನ ನಿಷೇಧವನ್ನು ಮೀರಿ ಭೂತಕಾಲಕ್ಕೂ ಕೈಹಾಕಿದ್ದಾಳೆ. ಕಳೆದ ವಾರ 'ಮೈನೇ ಖೀರ್ ಬನಾಯಾ' ಎಂದಳಂತೆ. ಆ ತುದಿಯಿಂದ 'ಬನಾಯೀ' ಎಂಬ ತಿದ್ದುಪಡಿ ಬಂತು. ಪಾಯಸ ಯಾಕೆ ಹೆಣ್ಣು ಎಂದು ಅಕ್ಕ ಕೇಳಿದ್ದಾಳೆ. ಲಖನೌದಿಂದ ಇನ್ನೂ ಉತ್ತರ ಬಂದಿಲ್ಲ.