ವರದಿಯಲ್ಲಿ 'ಹಿಮೋಗ್ಲೋಬಿನ್ ಎಫ್' ಹೆಚ್ಚಿದೆಯೇ? ಗಾಬರಿ ಬೇಡ, ಅಸಡ್ಡೆಯೂ ಬೇಡ

ಮದುವೆಗೆ ಮುಂಚೆ ಅಥವಾ ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲಿ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯ ರೂಢಿ. ಆದರೆ ಕೆಲವೊಮ್ಮೆ ವರದಿಯಲ್ಲಿ 'ಹಿಮೋಗ್ಲೋಬಿನ್ ಎಫ್ ಶೇಕಡಾ 20' ಎಂದು ನಮೂದಾಗಿರುತ್ತದೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಇದನ್ನು ಕಂಡು ಮನೆಯವರು ಹೆದರುತ್ತಾರೆ, ನಿಶ್ಚಯವಾಗಬೇಕಾದ ಸಂಬಂಧದ ಮಾತುಕತೆಯೇ ನಿಂತುಹೋಗಬಹುದು. ಆದರೆ ಇಂಥವರಲ್ಲಿ ಕೆಲವರಿಗೆ ಯಾವ ರೋಗವೂ ಇರುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು.

ಇದು ಏನು?

ಗರ್ಭದಲ್ಲಿರುವ ಶಿಶುವಿಗೆ ಆಮ್ಲಜನಕ ತಾಯಿಯ ರಕ್ತದಿಂದಲೇ ಬರಬೇಕು. ಅದನ್ನು ಬಿಗಿಯಾಗಿ ಸೆಳೆದುಕೊಳ್ಳಲು ಶಿಶುವಿನ ರಕ್ತದಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಅದೇ 'ಎಫ್'. ಹುಟ್ಟಿದ ಮೇಲೆ ಅದರ ಜಾಗಕ್ಕೆ ದೊಡ್ಡವರ 'ಎ' ಹಿಮೋಗ್ಲೋಬಿನ್ ಬರುತ್ತದೆ. ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲಿ 'ಎಫ್' ಬಹುಮಟ್ಟಿಗೆ ಮರೆಯಾಗುತ್ತದೆ.

ಕೆಲವು ಕುಟುಂಬಗಳಲ್ಲಿ 11ನೇ ವರ್ಣತಂತುವಿನ ವಂಶವಾಹಿಯಲ್ಲಿ ಆದ ಬದಲಾವಣೆಯಿಂದ 'ಎಫ್' ತಯಾರಿ ನಿಲ್ಲುವುದೇ ಇಲ್ಲ. ತಂದೆ ಅಥವಾ ತಾಯಿಯಿಂದ ಇದನ್ನು ಪಡೆದವರ ರಕ್ತದಲ್ಲಿ ಸಾಮಾನ್ಯವಾಗಿ ಶೇಕಡಾ 10ರಿಂದ 30ರಷ್ಟು 'ಎಫ್' ಜೀವನವಿಡೀ ಉಳಿಯುತ್ತದೆ. ವೈದ್ಯರು ಇದನ್ನು 'ಎಚ್‌ಪಿಎಫ್‌ಎಚ್' ಎನ್ನುತ್ತಾರೆ. ಇದರಿಂದ ಆಯಾಸವಿಲ್ಲ, ರಕ್ತಹೀನತೆಯಿಲ್ಲ, ಔಷಧವೂ ಬೇಕಿಲ್ಲ.

ಎಡವುವುದು ಎಲ್ಲಿ?

ಬೀಟಾ ಥಲಸ್ಸೇಮಿಯಾ ವಾಹಕರಲ್ಲಿ ಕೆಂಪು ರಕ್ತಕಣಗಳು ಚಿಕ್ಕದಾಗಿರುತ್ತವೆ, 'ಎ2' ಎಂಬ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಶೇಕಡಾ 3.5ನ್ನು ಮೀರಿರುತ್ತದೆ. ಎಚ್‌ಪಿಎಫ್‌ಎಚ್ ಇದ್ದವರಲ್ಲಿ 'ಎ2' ಹೆಚ್ಚಿರುವುದಿಲ್ಲ, ಕಣಗಳ ಗಾತ್ರವೂ ಬಹುತೇಕ ಸರಿಯಾಗಿರುತ್ತದೆ. ತೊಡಕು ಬರುವುದು 'ಡೆಲ್ಟಾ-ಬೀಟಾ ಥಲಸ್ಸೇಮಿಯಾ'ದಲ್ಲಿ. ಅಲ್ಲಿಯೂ 'ಎಫ್' ಹೆಚ್ಚು, 'ಎ2' ಹೆಚ್ಚಿಲ್ಲ. ಆದರೆ ಕಣಗಳು ಚಿಕ್ಕವು. ಸಂಶಯವಿದ್ದರೆ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು.

ಎರಡು ಕಡೆಯ ತಪ್ಪೂ ದುಬಾರಿ. ಎಚ್‌ಪಿಎಫ್‌ಎಚ್ ಅನ್ನು ರೋಗವೆಂದು ತಿಳಿದರೆ ಆರೋಗ್ಯವಂತರು ವೃಥಾ ಕಬ್ಬಿಣದ ಮಾತ್ರೆ ನುಂಗುತ್ತಾರೆ, ಹೆದರಿ ಬದುಕುತ್ತಾರೆ. ಡೆಲ್ಟಾ-ಬೀಟಾ ಥಲಸ್ಸೇಮಿಯಾವನ್ನು 'ಏನೂ ಇಲ್ಲ' ಎಂದು ಬಿಟ್ಟರೆ, ಸಂಗಾತಿಯೂ ಥಲಸ್ಸೇಮಿಯಾ ವಾಹಕರಾಗಿದ್ದಲ್ಲಿ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ 'ಎಫ್' ಹೆಚ್ಚಿರುವವರ ಸಂಗಾತಿಗೂ ಪರೀಕ್ಷೆ ಮಾಡಿಸುವುದು ಕ್ಷೇಮ.

ಗರ್ಭಿಣಿಯರು ಇನ್ನೊಂದು ವಿಷಯ ನೆನಪಿಡಬೇಕು. ಆರ್‌ಎಚ್ ನೆಗೆಟಿವ್ ತಾಯಿಯ ರಕ್ತದಲ್ಲಿ ಶಿಶುವಿನ ರಕ್ತ ಎಷ್ಟು ಸೇರಿದೆ ಎಂದು ಅಳೆಯುವ ಒಂದು ಪರೀಕ್ಷೆಯು 'ಎಫ್' ಇರುವ ಕಣಗಳನ್ನೇ ಎಣಿಸುತ್ತದೆ. ತಾಯಿಗೇ ಎಚ್‌ಪಿಎಫ್‌ಎಚ್ ಇದ್ದರೆ ಲೆಕ್ಕ ತಪ್ಪುತ್ತದೆ. ವೈದ್ಯರಿಗೆ ಮೊದಲೇ ಹೇಳಿಬಿಡಿ.

ದೋಷದಿಂದ ಔಷಧದ ದಾರಿ

ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಇರುವ ಶಿಶುಗಳು ಮೊದಲ ತಿಂಗಳುಗಳಲ್ಲಿ ನರಳದಿರಲು 'ಎಫ್' ಕಾರಣವಿರಬಹುದೆಂದು ಅಮೆರಿಕದ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲಿ ಸೂಚಿಸಿದ್ದರು. 1952ರಲ್ಲಿ ನಮ್ಮ ನೆರೆಯ ನೀಲಗಿರಿಯ ಆದಿವಾಸಿಗಳಲ್ಲಿ ಕುಡಗೋಲು ಕಣಗಳನ್ನು ಗುರುತಿಸಿದವರಲ್ಲಿ ಒಬ್ಬರಾದ ಹರ್ಮನ್ ಲೆಹ್‌ಮನ್ ಅವರೇ, 1955ರಲ್ಲಿ ಎಡಿಂಗ್ಟನ್ ಜೊತೆಗೂಡಿ, ವಯಸ್ಕರಲ್ಲಿ 'ಎಫ್' ಉಳಿಯುವ ಈ ಸ್ಥಿತಿಯನ್ನು ಮೊದಲ ಬಾರಿಗೆ ವಿವರಿಸಿದರು. ಕುಡಗೋಲು ವಂಶವಾಹಿಯ ಜೊತೆ ಎಚ್‌ಪಿಎಫ್‌ಎಚ್ ಕೂಡ ಪಡೆದವರು ಬಹುತೇಕ ಆರೋಗ್ಯವಾಗಿಯೇ ಇರುತ್ತಾರೆ.

ಈ ಸುಳಿವನ್ನೇ ಹಿಡಿದು ವಿಜ್ಞಾನಿಗಳು ರೋಗಿಯ ದೇಹದಲ್ಲಿ 'ಎಫ್' ತಯಾರಿ ಮತ್ತೆ ಆರಂಭವಾಗುವಂತೆ ಮಾಡುವ ವಂಶವಾಹಿ ಚಿಕಿತ್ಸೆಯನ್ನು ರೂಪಿಸಿದರು. 'ಕ್ಯಾಸ್ಜೆವಿ' ಎಂಬ ಈ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಹಾಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಹಾಗಾಗಿ ವರದಿಯ ಒಂದೇ ಅಂಕಿಯನ್ನು ನೋಡಿ ತೀರ್ಮಾನಕ್ಕೆ ಬರುವುದು ಬೇಡ. 'ಎಫ್' ಜೊತೆಗೆ 'ಎ2' ಎಷ್ಟಿದೆ, ಕಣಗಳ ಗಾತ್ರ ಎಷ್ಟಿದೆ ಎಂದು ವೈದ್ಯರಲ್ಲಿ ಕೇಳೋಣ. ಒಂದು ಸಂಬಂಧವನ್ನು ಮುರಿಯುವ ಮುನ್ನ ಇಷ್ಟನ್ನಾದರೂ ವಿಚಾರಿಸುವುದು ನಮ್ಮ ಕರ್ತವ್ಯ.